ಮಂಗಳಗ್ರಹದವರು ನಮಗಿಂತ ಮುಂದುವರಿದವರೆ?

ಕಲ್ಪಿತ ಲೋಕದ ಕಲ್ಪಿತ ಜೀವಿಗಳನ್ನು ಕುರಿತು ಕನ್ನಡ ಪಂಡಿತನೊಬ್ಬನು ಲೇಖನಿ ಹಿಡಿಯುವುದು ಕೆಲವು ವಾಚಕ ಮಹಾಶಯರಿಗೆ ವಿಚಿತ್ರವಾಗಿ ತೋರಬಹುದು. ಅದು ವಿಜ್ಞಾನದ ಅಧ್ಯಾಪಕರಿಗೆ ಬಿಟ್ಟ ವಿಷಯವೆಂದು ಅವರು ಹೇಳಿಯಾರು. ಆದರೆ ಅನ್ಯಗ್ರಹದ ಬುದ್ಧಿಜೀವಿಗಳು ಯಾವ ದೂರದರ್ಶಕಕ್ಕೂ ಇದುವರೆಗೆ ಗೋಚರಿಸಿದವರಲ್ಲ. ಅವರು ಗೋಚರಿಸಿರುವುದು ಪುಸ್ತಕಗಳಲ್ಲಿ ಮಾತ್ರ. ಪುಸ್ತಕದಲ್ಲಿ ಹುಟ್ಟಿ, ಪುಸ್ತಕದಲ್ಲಿಯೇ ಬಾಳಿ, ಪುಸ್ತಕದಲ್ಲಿಯೇ ಸಾಯುವ ಪ್ರಾಣಿಯ ಯೋಗ್ಯತೆಯನ್ನು ವಿಚಾರಿಸುವ ಅಧಿಕಾರ ಸಾಹಿತ್ಯದ ವಿದ್ಯಾರ್ಥಿಗೆ ಇದ್ದೇ ಇದೆ. ಮೇಲಾಗಿ ಈ ಪ್ರಶ್ನೆಯ ತೊಡಕು ಇರುವುದು ಗ್ರಹಗಳಲ್ಲಿ ಅಲ್ಲ, ಒಂದು ಶಬ್ದದಲ್ಲಿ. ಶಬ್ದದ ತೊಡಕನ್ನು ಬಿಡಿಸುವುದು ನಮ್ಮ ವೃತ್ತಿ.

ವಿಚಾರಕ್ಕೆ ಒಂದು ನಿಶ್ಚಿತವಾದ ಆಲಂಬನ ಬೇಕು. ಅನ್ಯಲೋಕದವರ ಕತೆಗಳು ಇಂದು ಲೆಕ್ಕಕ್ಕೆ ಸಿಗದಷ್ಟು ಬೆಳೆದಿವೆ, ಚಲನಚಿತ್ರಗಳಂತೂ ಹೇಳತೀರದು. ಅವುಗಳಲ್ಲಿ ಬರುವ ಆಕ್ರಮಣಕಾರರಿಗೆಲ್ಲ ಮೂಲಪುರುಷರೆನ್ನಬಹುದಾದವರು ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸನು ಕಲ್ಪಿಸಿದ ಮಂಗಳಗ್ರಹವಾಸಿಗಳು. ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಎಂಬ ಆ ಕಾದಂಬರಿ 1897ರಲ್ಲಿ ಮಾಸಪತ್ರಿಕೆಯಲ್ಲಿ ಕಂತುಗಳಾಗಿ ಬಂದು 1898ರಲ್ಲಿ ಪುಸ್ತಕರೂಪ ತಳೆಯಿತು. ಲಂಡನ್ನಿನಿಂದ ಬಹುದೂರವಲ್ಲದ ವೋಕಿಂಗ್ ಪಟ್ಟಣದ ಬಳಿಯ ಹಾರ್ಸೆಲ್ ಬಯಲಿನಲ್ಲಿ ಮಂಗಳನಿಂದ ಹೊರಟ ಲೋಹದ ಉರುಳೆಯೊಂದು ಬಂದು ಬೀಳುತ್ತದೆ. ಅದರೊಳಗಿಂದ ಹೊರಬಂದ ಜೀವಿಗಳು ಮೂರು ಕಾಲಿನ ದೈತ್ಯಯಂತ್ರಗಳನ್ನೇರಿ, ಉಷ್ಣಕಿರಣದಿಂದಲೂ ಕರಿಯ ವಿಷಧೂಮದಿಂದಲೂ ಇಂಗ್ಲೆಂಡಿನ ಸೈನ್ಯವನ್ನು ಕೆಲವೇ ದಿನಗಳಲ್ಲಿ ನುಚ್ಚುನೂರು ಮಾಡುತ್ತವೆ. ಆ ಕಾಲಕ್ಕೆ ಭೂಮಿಯ ಅತಿ ದೊಡ್ಡ ಸಾಮ್ರಾಜ್ಯದ ರಾಜಧಾನಿ ಲಂಡನ್. ಅದು ಬರಿದಾಗುತ್ತದೆ. ಇಷ್ಟನ್ನು ಓದಿದವರು ಮಂಗಳನವರು ಮನುಷ್ಯರಿಗಿಂತ ಬಹಳ ಮುಂದುವರಿದವರೆಂದು ಒಪ್ಪಿಕೊಂಡುಬಿಡುತ್ತಾರೆ. ನಾನು ಒಪ್ಪುವುದಿಲ್ಲ, ಅದಕ್ಕೆ ಕಾರಣಗಳನ್ನು ಹೇಳಬೇಕಾಗಿದೆ.

ಮೊದಲು ಶಬ್ದವನ್ನು ನೋಡೋಣ. ‘ಮುಂದುವರಿ’ ಎಂಬುದು ‘ಮುಂದು’ ಮತ್ತು ‘ಪರಿ’ ಎಂಬ ಎರಡು ಪದಗಳು ಕೂಡಿ ಆದದ್ದು. ಪಕಾರಕ್ಕೆ ವಕಾರವು ಆದೇಶವಾಗಿದೆ. ಹಳಗನ್ನಡದಲ್ಲಿ ‘ಪರಿ’ ಎಂದರೆ ಹರಿ, ಓಡು ಎಂದರ್ಥ. ಆದ್ದರಿಂದ ಮುಂದುವರಿಯುವುದೆಂದರೆ ಮುಂದಕ್ಕೆ ಹರಿಯುವುದು. ಹರಿಯುವ ವಸ್ತುವಿಗೆ ಒಂದು ಪಾತ್ರ ಬೇಕು. ಪಾತ್ರವನ್ನು ಹೇಳದೆ ಹೊಳೆ ಮುಂದಿದೆಯೋ ಹಿಂದಿದೆಯೋ ಎಂದರೆ ಏನರ್ಥ? ಶಾಬ್ದಬೋಧವನ್ನು ಓದಿದವರಿಗೆ ಆಕಾಂಕ್ಷೆಯೆಂಬ ಮಾತು ಗೊತ್ತಿದೆ: ಒಂದು ಪದವು ತನ್ನ ಅರ್ಥವನ್ನು ಪೂರ್ಣಗೊಳಿಸಿಕೊಳ್ಳಲು ಇನ್ನೊಂದು ಪದವನ್ನು ಬಯಸುವುದು. ‘ಮುಂದುವರಿದವನು’ ಎಂದೊಡನೆ ‘ಯಾವುದರಲ್ಲಿ?’ ಎಂಬ ಸಪ್ತಮಿಯ ಆಕಾಂಕ್ಷೆ ಎದ್ದು ನಿಲ್ಲುತ್ತದೆ. ಶಸ್ತ್ರದಲ್ಲಿ ಎಂದರೆ ವಾಕ್ಯ ಪೂರ್ಣ. ಅದು ನಿಜವೂ ಹೌದು. ಗಣಿತದಲ್ಲಿ ಎಂದರೂ ಪೂರ್ಣ. ಏನನ್ನೂ ಹೇಳದೆ ಬರಿದೆ ಮುಂದುವರಿದವರು ಎಂದರೆ ಅದು ಅರ್ಧ ವಾಕ್ಯ. ಅರ್ಧ ವಾಕ್ಯಕ್ಕೆ ಹೌದು ಅಲ್ಲವೆಂದು ಉತ್ತರ ಕೊಡುವುದು ಹೇಗೆ?

ಜೀವವಿಕಾಸದ ಶಾಸ್ತ್ರವನ್ನು ಲೋಕಕ್ಕೆ ಕೊಟ್ಟ ಡಾರ್ವಿನ್ನನೇ, ಪ್ರಾಣಿಗಳ ವಿಷಯದಲ್ಲಿ ಮೇಲು ಕೀಳು ಎಂಬ ಮಾತುಗಳನ್ನು ಬಳಸಕೂಡದೆಂದು ತಾನು ಓದುತ್ತಿದ್ದ ಪುಸ್ತಕವೊಂದರ ಅಂಚಿನಲ್ಲಿ ತನಗೆ ತಾನೇ ಬರೆದಿಟ್ಟುಕೊಂಡಿದ್ದನು. ಆ ನಿಯಮವನ್ನು ಅವನು ಪೂರ್ತಿಯಾಗಿ ಪಾಲಿಸಲಿಲ್ಲವೆಂಬುದು ಬೇರೆಯ ಮಾತು. ‘ವಿಕಾಸ’ವೆಂಬ ನಮ್ಮ ಶಬ್ದದಲ್ಲಿಯೂ ಏಣಿಯಿಲ್ಲ, ಇರುವುದು ಅರಳುವಿಕೆ. ಮಲ್ಲಿಗೆ ಅರಳಿದರೆ ಅದು ಸಂಪಿಗೆಗಿಂತ ಮುಂದೆ ಹೋಯಿತೆಂದು ಯಾರೂ ಹೇಳುವುದಿಲ್ಲ.

ಶಬ್ದದ ಮಹಿಮೆಗೆ ಮಂಗಳಗ್ರಹವೇ ಸಾಕ್ಷಿಯಾಗಿದೆ. 1877ರಲ್ಲಿ ಇಟಲಿಯ ಮಿಲಾನ್ ನಗರದ ಖಗೋಳಜ್ಞ ಸ್ಕಿಯಾಪರೆಲ್ಲಿಯು ಮಂಗಳನ ಮೇಲೆ ಕಂಡ ಗೆರೆಗಳನ್ನು ತನ್ನ ಭಾಷೆಯಲ್ಲಿ ‘ಕನಾಲಿ’ ಎಂದು ಕರೆದನು. ಆ ಭಾಷೆಯಲ್ಲಿ ಅದು ತಾನಾಗಿ ಆದ ನೀರಿನ ಹರಿವಿಗೂ ಸಲ್ಲುವ ಮಾತು, ತೋಡಿದ ಕಾಲುವೆಗೂ ಸಲ್ಲುವ ಮಾತು. ಇಂಗ್ಲಿಷಿಗೆ ಹೋಗುವಾಗ ಅದು ಕೆನಾಲ್ ಆಯಿತು, ಅಂದರೆ ತೋಡಿದ ಕಾಲುವೆಯೇ ಆಯಿತು. ಕಾಲುವೆಯಿದ್ದ ಮೇಲೆ ತೋಡಿದವರು ಇರಲೇಬೇಕಷ್ಟೆ! ಅಮೆರಿಕದ ಶ್ರೀಮಂತ ಪರ್ಸಿವಲ್ ಲೋವೆಲ್ಲನು 1894ರಲ್ಲಿ ಅರಿಜೋನಾ ಪ್ರಾಂತದ ಫ್ಲ್ಯಾಗ್‌ಸ್ಟಾಫಿನಲ್ಲಿ ಸ್ವಂತ ದ್ರವ್ಯದಿಂದ ವೀಧಶಾಲೆಯನ್ನು ಕಟ್ಟಿಸಿ, ಆ ಗೆರೆಗಳನ್ನು ನೂರಾರು ಸಂಖ್ಯೆಯಲ್ಲಿ ಬರೆದುಕೊಂಡನು. ಒಣಗುತ್ತಿರುವ ಗ್ರಹದಲ್ಲಿ ಧ್ರುವದ ಹಿಮಜಲವನ್ನು ಹೊಲಗಳಿಗೆ ಸಾಗಿಸುವವರು ಅಲ್ಲಿದ್ದಾರೆಂದೂ, ಇಡೀ ಗ್ರಹವನ್ನು ಬಳಸುವ ಕಾಲುವೆಗಳನ್ನು ಕಟ್ಟಬೇಕಾದರೆ ಅವರು ತಮ್ಮೊಳಗಿನ ಯುದ್ಧಗಳನ್ನು ಬಿಟ್ಟಿರಲೇಬೇಕೆಂದೂ ಅವನು ತರ್ಕಿಸಿದನು. ಒಂದೇ ಗ್ರಹದ, ಒಂದೇ ಬಗೆಯ ಇಲ್ಲದ ಜನರನ್ನು ಲೋವೆಲ್ಲನು ಶಾಂತಿಪ್ರಿಯರಾದ ಕೃಷಿಕರೆಂದು ಕಂಡನು, ವೆಲ್ಸನು ರಕ್ತಪಿಪಾಸುಗಳೆಂದು ಕಂಡನು. ಇಬ್ಬರೂ ಅವರನ್ನು ನಮಗಿಂತ ಮುಂದುವರಿದವರೆಂದೇ ಎಣಿಸಿದರು. ಎಷ್ಟು ಸಡಿಲವಾದ ಮಾತಿದು! ಯುದ್ಧವನ್ನು ಬಿಟ್ಟವನೂ ಮುಂದುವರಿದವನು, ಯುದ್ಧದಲ್ಲಿ ಊರು ಸುಟ್ಟವನೂ ಮುಂದುವರಿದವನು.

1965ರಲ್ಲಿ ಅಮೆರಿಕದ ಮ್ಯಾರಿನರ್-4 ನೌಕೆಯು ಮಂಗಳನ ಹತ್ತಿರದಿಂದ ಹಾದು ಇಪ್ಪತ್ತಕ್ಕೂ ಮಿಕ್ಕ ಚಿತ್ರಗಳನ್ನು ಕಳುಹಿಸಿತು. ಅವುಗಳಲ್ಲಿ ಕಾಲುವೆಯಿರಲಿಲ್ಲ, ಕುಳಿಗಳಿದ್ದವು. ಹಾಗೆಂದು ಲೋವೆಲ್ಲನ ದ್ರವ್ಯ ವ್ಯರ್ಥವಾಯಿತೆಂದು ದಾನಿಗಳು ಯಾರೂ ಹೆದರಬೇಕಾಗಿಲ್ಲ. ಅವನು ಕಟ್ಟಿಸಿದ ಅದೇ ವೀಧಶಾಲೆಯಲ್ಲಿ, ಅವನು ತೀರಿಕೊಂಡ ಮೇಲೆ, 1930ರಲ್ಲಿ ಪ್ಲೂಟೋ ಪತ್ತೆಯಾಯಿತು. ಇನ್ನು ಇಂದಿನ ಸ್ಥಿತಿಯೆಂದರೆ ಅನ್ಯಗ್ರಹದಿಂದ ಮಂಗಳನಿಗೆ ಹೋಗುವ ಆಗಂತುಕರು ನಾವೇ. 2013ರ ನವೆಂಬರಿನಲ್ಲಿ ಶ್ರೀಹರಿಕೋಟಾದಿಂದ ಹೊರಟ ನಮ್ಮ ದೇಶದ ನೌಕೆಯು ಬೆಂಗಳೂರಿನಿಂದ ಬಂದ ಆಜ್ಞೆಗಳನ್ನು ಪಾಲಿಸುತ್ತ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿತು. ಅದನ್ನು ನೋಡಿ ಅಂಜಲು ಅಲ್ಲಿ ಯಾರೂ ಇರಲಿಲ್ಲ.

ಈಗ ವೆಲ್ಸನ ಮಂಗಳನವರ ಶರೀರವನ್ನು ಪರಿಶೀಲಿಸೋಣ. ವೆಲ್ಸನು ಕೇವಲ ಕತೆಗಾರನಲ್ಲ. 1884ರಲ್ಲಿ ಲಂಡನ್ನಿನಲ್ಲಿ ಹಕ್ಸ್ಲಿಯಂಥ ಮಹಾವಿದ್ವಾಂಸನ ಬಳಿ ಜೀವಶಾಸ್ತ್ರವನ್ನು ಓದಿದವನು. ಆದ್ದರಿಂದ ಅವನ ಕಲ್ಪನೆಯಲ್ಲಿ ಒಂದು ಶಾಸ್ತ್ರೀಯವಾದ ಕ್ರಮವಿದೆ. ಅವನ ಮಂಗಳನವನು ಸುಮಾರು ನಾಲ್ಕು ಅಡಿ ವ್ಯಾಸದ ಒಂದು ದುಂಡು ತಲೆ. ದೊಡ್ಡ ಕಪ್ಪು ಕಣ್ಣುಗಳು, ಮೂಗಿಲ್ಲ, ಕೊಕ್ಕಿನಂಥ ಬಾಯಿ, ಅದರ ಸುತ್ತ ಎಂಟೆಂಟರ ಎರಡು ಗುಂಪುಗಳಾಗಿ ಹದಿನಾರು ಸ್ಪರ್ಶಬಾಹುಗಳು. ಒಳಗೆ ಬಹುಭಾಗ ಮಿದುಳು. ಜಠರವಿಲ್ಲ, ಕರುಳಿಲ್ಲ. ಅನ್ಯಪ್ರಾಣಿಗಳ ಹಸಿರಕ್ತವನ್ನು ತೆಗೆದು ತನ್ನ ನಾಳಗಳಿಗೆ ನೇರವಾಗಿ ಏರಿಸಿಕೊಳ್ಳುತ್ತಾನೆ. ನಿದ್ರೆಯಿಲ್ಲ, ಆಯಾಸವಿಲ್ಲ. ಗಂಡು ಹೆಣ್ಣೆಂಬ ಭೇದವಿಲ್ಲ. ಗೆಡ್ಡೆಯ ಮೈಯಲ್ಲಿ ಮರಿಗೆಡ್ಡೆ ಮೂಡುವಂತೆ ಮರಿ ಮೂಡುತ್ತದೆ. ಇವರ ಪೂರ್ವಜರು ನಮ್ಮಂತೆಯೇ ಇದ್ದು, ಮಿದುಳು ಮತ್ತು ಕೈಗಳು ಉಳಿದ ಅಂಗಗಳನ್ನು ನುಂಗಿ ಬೆಳೆದುದರಿಂದ ಹೀಗಾಗಿರಬಹುದೆಂದು ಕತೆ ಹೇಳುವವನೇ ಊಹಿಸುತ್ತಾನೆ. ದೇಹದ ಆಸರೆಯಿಲ್ಲದ ಬುದ್ಧಿಯಲ್ಲಿ ಭಾವಕ್ಕೆ ನೆಲೆಯಿಲ್ಲವೆಂಬ ಸೂಚನೆಯನ್ನೂ ಕೊಡುತ್ತಾನೆ. (ಇಷ್ಟೆಲ್ಲ ಯಂತ್ರಗಳನ್ನು ಮಾಡಿದ ಇವರಿಗೆ ಚಕ್ರದ ಬಳಕೆ ತಿಳಿಯದು! ನಮ್ಮ ಕುಂಬಾರನು ಇವರಿಗಿಂತ ಆ ಒಂದು ಅಂಶದಲ್ಲಿ ಮುಂದುವರಿದವನೇ.)

ಜಠರವಿಲ್ಲದ ಕಾರಣ ಅವರಿಗೆ ಅಡಿಗೆಯಿಲ್ಲ. ಅಡಿಗೆಯಿಲ್ಲದ ಕಾರಣ ಪಂಕ್ತಿಯಿಲ್ಲ. ಒಬ್ಬರು ಬಡಿಸಿ ಒಬ್ಬರು ಉಣ್ಣುವ ಪದ್ಧತಿಯಿಲ್ಲ. ಎದೆಹಾಲು ಇಲ್ಲ, ತೊಟ್ಟಿಲಿಲ್ಲ. ಇವುಗಳನ್ನು ಕಳೆದುಕೊಂಡುದನ್ನು ವೆಲ್ಸನ ಕತೆಗಾರನು ಅನುಕೂಲವೆಂದೇ ಲೆಕ್ಕ ಹಾಕುತ್ತಾನೆ: ಮನುಷ್ಯನ ಕಾಲ ಮತ್ತು ಶಕ್ತಿಗಳ ಎಷ್ಟೋ ಭಾಗ ಉಣ್ಣುವುದರಲ್ಲಿ, ಅರಗಿಸುವುದರಲ್ಲಿ ಹೋಗುತ್ತದೆಯಲ್ಲವೆ ಎಂದು. ಲೆಕ್ಕವೇನೋ ಸರಿ. ಆದರೆ ಉಳಿಸಿದ ಆ ಕಾಲವನ್ನು ಅವರು ಏನು ಮಾಡಿದರೆಂಬುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಯಂತ್ರ ಮಾಡಿದರು; ಇನ್ನೊಂದು ಯಂತ್ರ ಮಾಡಿದರು.

ಭಾಷೆಯ ಅಧ್ಯಾಪಕನಾದ ನನಗೆ ಎಲ್ಲಕ್ಕಿಂತ ಮಿಗಿಲಾಗಿ ಕಾಣುವ ವಿಷಯ ಬೇರೊಂದಿದೆ. ಮಂಗಳನವರಿಗೆ ಮಾತಿಲ್ಲ. ಒಬ್ಬನ ಮನಸ್ಸಿನಲ್ಲಿದ್ದುದು ಯಾವ ಶಬ್ದದ, ಸಂಜ್ಞೆಯ ನೆರವೂ ಇಲ್ಲದೆ ಇನ್ನೊಬ್ಬನ ಮನಸ್ಸಿಗೆ ಮುಟ್ಟುತ್ತದೆಂದು ಕತೆಗಾರನ ದೃಢವಾದ ನಂಬಿಕೆ. ಅನೇಕರು ಇದನ್ನೇ ಮುನ್ನಡೆಯ ಪರಾಕಾಷ್ಠೆಯೆಂದು ಭಾವಿಸುತ್ತಾರೆ. ವ್ಯಾಕರಣ ಕಲಿಯುವ ಕಷ್ಟ ತಪ್ಪಿತೆಂದು ನಮ್ಮ ಹುಡುಗರೂ ಹಿಗ್ಗಿಯಾರು. ಆದರೆ ಸ್ವಲ್ಪ ಯೋಚಿಸಬೇಕು. ಶಬ್ದಕ್ಕೂ ಅರ್ಥಕ್ಕೂ ನಡುವೆ ಇರುವ ಕಿಂಚಿತ್ ಅಂತರದಲ್ಲಿಯೇ ನಮ್ಮ ಆಲಂಕಾರಿಕರು ಲಕ್ಷಣೆಯನ್ನೂ ವ್ಯಂಜನೆಯನ್ನೂ ಕಂಡರು. ಆನಂದವರ್ಧನನು ಕಾವ್ಯದ ಆತ್ಮವೆಂದು ಹೇಳಿದ ಧ್ವನಿಯು ನೆಲೆಸಿರುವುದೂ ಅಲ್ಲಿಯೇ. ‘ಹೊತ್ತು ಮುಳುಗಿತು’ ಎಂಬ ಒಂದೇ ಮಾತು ದನಗಾಹಿಗೆ ಹಟ್ಟಿಗೆ ಮರಳೆಂದೂ, ಮನೆಯಾಕೆಗೆ ದೀಪ ಹಚ್ಚೆಂದೂ, ಅತಿಥಿಗೆ ಇಂದು ಇಲ್ಲೇ ಉಳಿಯೆಂದೂ ಅರ್ಥವಾಗುತ್ತದೆ. ಅರ್ಥವೇ ಬರಿಮೈಯಾಗಿ ಒಂದು ತಲೆಯಿಂದ ಇನ್ನೊಂದು ತಲೆಗೆ ಹಾಯುವಲ್ಲಿ ವಾಚ್ಯವೂ ಇಲ್ಲ, ವ್ಯಂಗ್ಯವೂ ಇಲ್ಲ. ಶ್ಲೇಷೆಯಿಲ್ಲ, ಒಗಟಿಲ್ಲ, ಹಾಸ್ಯವಿಲ್ಲ. ಹೇಳದೆ ಉಳಿಸಿಕೊಳ್ಳುವ ಸೌಜನ್ಯವಿಲ್ಲ. ಎದುರಿನವನಿಗೆ ಅರ್ಥವಾಯಿತೋ ಇಲ್ಲವೋ ಎಂದು ಅವನ ಮುಖ ನೋಡುವ ಅಗತ್ಯವೂ ಇಲ್ಲ. ಅಂಥವರಿಗೆ ತಮ್ಮವರಲ್ಲದ ಜೀವಿಯೊಡನೆ ವ್ಯವಹರಿಸುವ ದಾರಿ ಯಾವುದು? ವೆಲ್ಸನು ಅದನ್ನು ತೋರಿಸಿಯೇ ಇದ್ದಾನೆ. ಹಾರ್ಸೆಲ್ ಬಯಲಿನಲ್ಲಿ ಖಗೋಳಜ್ಞ ಓಗಿಲ್ವಿಯೂ ಅವನ ಸಂಗಡಿಗರೂ ಬಿಳಿಯ ಬಾವುಟ ಹಿಡಿದು, ನಾವೂ ಬುದ್ಧಿಯುಳ್ಳವರೆಂದು ತಿಳಿಸಲು ಕುಳಿಯ ಕಡೆಗೆ ನಡೆಯುತ್ತಾರೆ. ಉಷ್ಣಕಿರಣ ಒಮ್ಮೆ ಹೊಳೆಯುತ್ತದೆ, ಅವರು ಉರಿದುಹೋಗುತ್ತಾರೆ. ಬಾವುಟವೆಂಬುದು ಒಂದು ಸಂಕೇತ, ಒಂದು ಶಬ್ದವಿದ್ದ ಹಾಗೆ. ಮಾತನ್ನೇ ಅರಿಯದವರಿಗೆ ಅದು ಬರಿಯ ಬಟ್ಟೆ.

ವಿಜ್ಞಾನ ವಿಭಾಗದ ಮಿತ್ರರೊಬ್ಬರು ಈ ವಾದವನ್ನು ಕೇಳಿ, “ಪಂಡಿತರೆ, ಇದೆಲ್ಲ ಸೋತವರ ಸಮಾಧಾನ. ಶೂನ್ಯಾಕಾಶವನ್ನು ದಾಟಿ ಬರಬಲ್ಲವನು ಮುಂದುವರಿದವನಲ್ಲದೆ ಮತ್ತೇನು?” ಎಂದರು. ಅವರ ಪಕ್ಷಕ್ಕೂ ಬಲವಿದೆ. 1964ರಲ್ಲಿ ಸೋವಿಯತ್ ದೇಶದ ಖಗೋಳಜ್ಞ ಕಾರ್ದಶೆವ್ ಎಂಬಾತನು ನಾಗರಿಕತೆಗಳನ್ನು ಅವು ಬಳಸುವ ಶಕ್ತಿಯ ಮೊತ್ತದಿಂದ ಮೂರು ವರ್ಗಗಳಾಗಿ ವಿಂಗಡಿಸಿದನು: ತನ್ನ ಗ್ರಹದ ಮಟ್ಟದ ಶಕ್ತಿಯನ್ನು ಬಳಸುವುದು ಒಂದು, ತನ್ನ ನಕ್ಷತ್ರದ ಶಕ್ತಿಯನ್ನೆಲ್ಲ ಬಳಸುವುದು ಇನ್ನೊಂದು, ತನ್ನ ನಕ್ಷತ್ರಮಂಡಲದ ಶಕ್ತಿಯನ್ನೆಲ್ಲ ಬಳಸುವುದು ಮೂರನೆಯದು. ಅಳತೆ ಸ್ಪಷ್ಟವಾಗಿದೆ. ಆದರೆ ಅವನ ಉದ್ದೇಶವನ್ನು ಮರೆಯಬಾರದು. ಬಹುದೂರದಿಂದ ಬರುವ ಸಂಕೇತಗಳನ್ನು ಹಿಡಿಯಲು ಸಾಧ್ಯವೆ ಎಂಬುದು ಅವನ ಪ್ರಶ್ನೆ; ಅಷ್ಟು ದೂರಕ್ಕೆ ಕಾಣುವುದು ಶಕ್ತಿಯೊಂದೇ. ಊರ ಹೊರಗಿನ ಗುಡ್ಡದ ಮೇಲೆ ನಿಂತವನಿಗೆ ಯಾವ ಮನೆಯ ದೀಪ ದೊಡ್ಡದೆಂದು ತಿಳಿಯುತ್ತದೆ, ಯಾವ ಮನೆಯವರು ದೊಡ್ಡವರೆಂದು ತಿಳಿಯುವುದಿಲ್ಲ.

ವೆಲ್ಸನೂ ತನ್ನ ಮಂಗಳನವರನ್ನು ಆದರ್ಶವಾಗಿ ಒಡ್ಡಿದವನಲ್ಲ. ಮೊದಲನೆಯ ಅಧ್ಯಾಯದಲ್ಲಿಯೇ ಓದುಗನನ್ನು ತಡೆದು, ಇವರನ್ನು ಕ್ರೂರಿಗಳೆನ್ನುವ ಮೊದಲು ನಮ್ಮ ಜಾತಿ ಮಾಡಿದುದನ್ನು ನೆನೆಯಬೇಕೆಂದು ಹೇಳುತ್ತಾನೆ. ಕಾಡುಕೋಣ, ಡೋಡೋ ಹಕ್ಕಿಗಳನ್ನು ಮಾತ್ರವಲ್ಲ, ಮನುಷ್ಯರೇ ಆದ ಟಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳನ್ನು ಯುರೋಪಿನ ವಲಸಿಗರು ಐವತ್ತು ವರ್ಷಗಳೊಳಗೆ ನಿರ್ಮೂಲ ಮಾಡಿದರೆಂದು ಉದಾಹರಿಸುತ್ತಾನೆ. ಅಲ್ಲಿ ನಡೆದ ಸಂಹಾರ ಘೋರವಾದುದು. ಆದರೆ ನಿರ್ಮೂಲವಾದರೆಂಬ ಮಾತು ಸರಿಯಲ್ಲ. ಅವರ ಸಂತತಿಯವರು ಇಂದಿಗೂ ಅಲ್ಲಿ ಬಾಳುತ್ತಿದ್ದಾರೆ, ತಮ್ಮ ನುಡಿಯನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದಾರೆ. ಬಂದೂಕು ಹಿಡಿದು ಇಳಿದವನು ಎದುರಿನವನನ್ನು ಹಿಂದುಳಿದವನೆಂದು ಕರೆದ ಕೂಡಲೇ ಅವನ ನೆಲ ತನ್ನದಾಯಿತು. ಈ ಪ್ರಶ್ನೆಯನ್ನು ಬರಿಯ ವಿನೋದವೆಂದು ನಾನು ಬಿಡಲಾರದಿರುವುದು ಇದರಿಂದಲೇ.

ಹಾಗಾದರೆ ನಿಜವಾಗಿ ಮುಂದುವರಿದ ಅನ್ಯಗ್ರಹವಾಸಿ ಹೇಗಿರಬೇಕೆಂದು ಯಾರಾದರೂ ಕೇಳಬಹುದು. ಅದಕ್ಕೂ ಒಂದು ಹಳೆಯ ಮಾದರಿ ಇದೆ. ವೆಲ್ಸನಿಗಿಂತ ಸುಮಾರು ನೂರೈವತ್ತು ವರ್ಷ ಮೊದಲು, 1752ರಲ್ಲಿ, ಫ್ರಾನ್ಸಿನ ವೋಲ್ಟೇರನು ‘ಮೈಕ್ರೊಮೆಗಾ’ ಎಂಬ ಚಿಕ್ಕ ಕತೆಯನ್ನು ಪ್ರಕಟಿಸಿದನು. ಅದರ ನಾಯಕನು ಲುಬ್ಧಕ ನಕ್ಷತ್ರದ ಕಡೆಯವನು. ಎತ್ತರ ಒಂದು ಲಕ್ಷ ಇಪ್ಪತ್ತು ಸಾವಿರ ಅಡಿ. ಇಂದ್ರಿಯಗಳು ಹತ್ತಿರಹತ್ತಿರ ಸಾವಿರ. ಅವನ ಸಂಗಡಿಗನಾದ ಶನಿಗ್ರಹದವನಿಗೆ ಎಪ್ಪತ್ತೆರಡೇ ಇಂದ್ರಿಯಗಳು, ಹದಿನೈದು ಸಾವಿರ ವರ್ಷಗಳ ಆಯುಸ್ಸು. ಅದು ಸಾಲದೆಂದು ಅವನಿಗೆ ಕೊರಗು! ಇವರಿಬ್ಬರೂ ಭೂಮಿಗೆ ಬಂದು ಬಾಲ್ಟಿಕ್ ಸಮುದ್ರದಲ್ಲಿ ಹಡಗೊಂದನ್ನು ಕಾಣುತ್ತಾರೆ. ಮೈಕ್ರೊಮೆಗಾನು ಅದನ್ನು ಮೆಲ್ಲನೆತ್ತಿ ಉಗುರಿನ ಮೇಲಿರಿಸಿಕೊಳ್ಳುತ್ತಾನೆ. ಆ ಹುಳುಗಳಂಥ ಮನುಷ್ಯರು ಏನೋ ಆಡಿಕೊಳ್ಳುತ್ತಿರುವಂತೆ ತೋರಿ, ತನ್ನ ಹೆಬ್ಬೆರಳ ಉಗುರಿನ ಚೂರನ್ನು ಕತ್ತರಿಸಿ ಕೊಂಬಿನಂತೆ ಬಾಗಿಸಿ ಕಿವಿಗಿಟ್ಟುಕೊಂಡು ಕೇಳುತ್ತಾನೆ. ತನ್ನ ಗುಡುಗಿನಂಥ ಧ್ವನಿಯಿಂದ ಅವರ ಕಿವಿ ಒಡೆದೀತೆಂದು ಹಲ್ಲುಕಡ್ಡಿಯ ಸಣ್ಣ ತುದಿಯ ಮೂಲಕ ಮೆಲುದನಿಯಲ್ಲಿ ಮಾತನಾಡುತ್ತಾನೆ. ಅವರು ರೇಖಾಗಣಿತದಿಂದ ತನ್ನ ಎತ್ತರವನ್ನು ಅಳೆದು ಹೇಳಿದಾಗ ಬೆರಗಾಗುತ್ತಾನೆ. ಒಂದು ಮಣ್ಣುಹೆಂಟೆಗಾಗಿ ಅವರು ಲಕ್ಷಗಟ್ಟಲೆ ಕೊಂದಾಡುವುದನ್ನು ಕೇಳಿ ಸಿಟ್ಟಾಗುತ್ತಾನೆ. ಕಡೆಗೆ ವಸ್ತುಗಳ ಪರಮತತ್ತ್ವವನ್ನು ತಿಳಿಸುವ ಗ್ರಂಥವೊಂದನ್ನು ಅವರಿಗೆ ಕೊಟ್ಟು ಹೋಗುತ್ತಾನೆ. ಪ್ಯಾರಿಸ್ಸಿನ ವಿದ್ವತ್ಪರಿಷತ್ತಿನಲ್ಲಿ ಬಿಚ್ಚಿ ನೋಡಿದರೆ ಹಾಳೆಗಳೆಲ್ಲ ಖಾಲಿ.

ಸಾವಿರ ಇಂದ್ರಿಯಗಳಿಗಾಗಿ ನಾನು ಈತನನ್ನು ಮುಂದುವರಿದವನೆನ್ನುವುದಿಲ್ಲ. ಉಗುರಿನ ಕೊಂಬಿಗಾಗಿ ಹಾಗೆನ್ನುತ್ತೇನೆ. ತಾನು ದೊಡ್ಡವನಾದುದರಿಂದ ಚಿಕ್ಕವನ ಕಿವಿಗೆ ತಕ್ಕಂತೆ ದನಿಯನ್ನು ತಗ್ಗಿಸುವ ಭಾರ ತನ್ನದೆಂದು ಅವನು ತಿಳಿದಿದ್ದನು. ಮೂವತ್ತು ವರ್ಷ ಒಂದೇ ಹಲಗೆಯ ಮುಂದೆ ನಿಂತ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಧ್ಯಾಪಕರ ಮಾತು ಬಂದುದರಿಂದ, ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಒಂದು ವಿಷಯವನ್ನು ಬಿನ್ನವಿಸಬೇಕೆಂದಿದ್ದೇನೆ. ನಮ್ಮ ಶಾಲೆಯಲ್ಲಿ ದಿನದ ಕೊನೆಯ ಅವಧಿಯನ್ನು ಗಮಕಕ್ಕೂ ಆಟಕ್ಕೂ ತೋಟದ ಕೆಲಸಕ್ಕೂ ಮೀಸಲಿಟ್ಟಿರುವುದು ತಮಗೆ ತಿಳಿದಿದೆ. ಆ ಅವಧಿಯನ್ನು ತೆಗೆದು ಪ್ರವೇಶಪರೀಕ್ಷೆಗಳ ವಿಶೇಷ ಪಾಠಕ್ಕೆ ಕೊಡಬೇಕೆಂಬ ಸಲಹೆ ಬಂದಿದೆ; ಅದಕ್ಕೆ ಬೇಕಾದ ಧನಸಹಾಯಕ್ಕೂ ಉದಾರಿಗಳು ಮುಂದೆ ಬಂದಿದ್ದಾರೆ. ಪ್ರಸಾದನಿಲಯದ ಮಕ್ಕಳು ಸರದಿಯಂತೆ ಬಡಿಸುವುದನ್ನೂ ನಿಲ್ಲಿಸಿ ಅದಕ್ಕೆ ಆಳುಗಳನ್ನಿಟ್ಟರೆ ಓದಿಗೆ ಇನ್ನೂ ಅರ್ಧ ಗಂಟೆ ಸಿಕ್ಕೀತೆಂದು ಲೆಕ್ಕ ಹಾಕಿದವರಿದ್ದಾರೆ. ಅವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ವೈದ್ಯಕೀಯದಲ್ಲಿ, ತಾಂತ್ರಿಕ ವಿದ್ಯೆಯಲ್ಲಿ ನಮ್ಮ ಹಳ್ಳಿಯ ಮಕ್ಕಳಿಗೆ ಸ್ಥಾನ ಸಿಕ್ಕಬೇಕೆಂಬುದು ನನ್ನ ಆಸೆಯೂ ಹೌದು. ಅದಕ್ಕಾಗಿ ಬೆಳಗಿನ ಹೊತ್ತು ಇದೆ, ರಜೆಯ ದಿನಗಳಿವೆ. ಆದರೆ ಈ ಸಲಹೆಯ ತರ್ಕ ವೆಲ್ಸನ ಕತೆಗಾರನ ತರ್ಕವೇ ಆಗಿದೆ. ಉಣ್ಣುವ, ಬಡಿಸುವ, ಹಾಡುವ, ಮಣ್ಣು ಮುಟ್ಟುವ ಹೊತ್ತನ್ನೆಲ್ಲ ಉಳಿತಾಯದ ಬಾಬ್ತಿಗೆ ಸೇರಿಸುತ್ತ ಹೋದರೆ ಕೊನೆಗೆ ಉಳಿಯುವ ಆಕೃತಿ ಯಾವುದೆಂದು ಅವನು ಚಿತ್ರ ಬರೆದೇ ತೋರಿಸಿದ್ದಾನೆ. ಆ ಅವಧಿಯನ್ನು ತೆಗೆಯಬಾರದೆಂದು ನನ್ನ ಸ್ಪಷ್ಟವಾದ ಅಭಿಪ್ರಾಯ. ಮುಂದಿನ ಸಭೆಯಲ್ಲಿ ಈ ವಿಷಯ ಬಂದಾಗ ತಾವೂ ತಮ್ಮ ಮಾತನ್ನು ಹೇಳಬೇಕು.

ವೆಲ್ಸನ ಕತೆಯ ಕೊನೆಯನ್ನು ಹೇಳುವುದು ಬಾಕಿಯಿದೆ. ಮಂಗಳನವರನ್ನು ಕೊಂದುದು ಮನುಷ್ಯರ ಫಿರಂಗಿಯಲ್ಲ, ಈ ನೆಲದ ಸೂಕ್ಷ್ಮಾಣುಗಳು. ಅವರ ಗ್ರಹದಲ್ಲಿ ಅವು ಮೊದಲಿನಿಂದಲೂ ಇರಲಿಲ್ಲವೋ, ಅಥವಾ ಅವರೇ ಯಾವುದೋ ಕಾಲದಲ್ಲಿ ಅಳಿಸಿಹಾಕಿದರೋ, ಅಂತೂ ಅವುಗಳನ್ನು ತಡೆಯುವ ಶಕ್ತಿ ಅವರ ಮೈಯಲ್ಲಿರಲಿಲ್ಲ. ಇದನ್ನು ಮನುಷ್ಯನ ಗೆಲುವೆಂದು ಎಣಿಸುವವರು ತಪ್ಪುತ್ತಾರೆ. ಗೆದ್ದವನೇ ಮುಂದುವರಿದವನೆಂದು ಹೇಳುವುದಾದರೆ ಆ ಪಟ್ಟವನ್ನು ಸೂಕ್ಷ್ಮಾಣುವಿಗೇ ಕಟ್ಟಬೇಕಾಗುತ್ತದೆ.

ನಿರ್ಜನವಾದ ಲಂಡನ್ನಿನ ಬೀದಿಗಳಲ್ಲಿ ಕತೆಗಾರನು ಒಬ್ಬನೇ ನಡೆಯುತ್ತಿರುವಾಗ ದೂರದಿಂದ ಒಂದು ಅಳುವಿನಂಥ ಧ್ವನಿ ಕೇಳಿಸುತ್ತದೆ: ‘ಉಲ್ಲಾ, ಉಲ್ಲಾ’ ಎಂದು ಎರಡೇ ಸ್ವರಗಳು ಎಡೆಬಿಡದೆ. ಸಾಯುತ್ತಿರುವ ಮಂಗಳನವನೊಬ್ಬನ ಕೂಗು ಅದು. ಆ ಧ್ವನಿ ನಿಂತಾಗ ಕತೆಗಾರನಿಗೆ ಸಮಾಧಾನವಾಗುವುದಿಲ್ಲ. ಅದು ಇದ್ದಷ್ಟು ಹೊತ್ತು ಲಂಡನ್ ಬದುಕಿರುವಂತೆ ತೋರುತ್ತಿತ್ತು, ಈಗ ಒಂಟಿತನ ತಾಳಲಾಗದೆಂದು ಅವನಿಗೆ ಅನಿಸುತ್ತದೆ. ಆ ಶಬ್ದವನ್ನು ಹಲವು ಸಲ ಯೋಚಿಸಿದ್ದೇನೆ. ಮನಸ್ಸಿನಿಂದ ಮನಸ್ಸಿಗೆ ನೇರವಾಗಿ ತಿಳಿಸಬಲ್ಲವನಿಗೆ ಕೂಗುವ ಅಗತ್ಯವೇನಿತ್ತು? ಕೇಳುವ ತನ್ನವರು ಯಾರೂ ಉಳಿಯದಿದ್ದಾಗ ಗಂಟಲು ತಾನಾಗಿ ತೆರೆಯಿತೆ? ನಮ್ಮ ಹಳಗನ್ನಡದಲ್ಲಿ ‘ಉಲಿ’ ಎಂಬ ಧಾತು ದನಿಗೈಯುವುದೆಂಬ ಅರ್ಥದಲ್ಲಿದೆ, ಅದು ಕಾಕತಾಳೀಯವಷ್ಟೆ. ವ್ಯಾಕರಣದ ದೃಷ್ಟಿಯಿಂದ ಅದನ್ನು ಅನುಕರಣಾವ್ಯಯವೆನ್ನಲು ಬಾರದು, ಏಕೆಂದರೆ ಅದು ಯಾವುದರ ಅನುಕರಣೆಯೂ ಅಲ್ಲ. ಭಾವಸೂಚಕಾವ್ಯಯವೆನ್ನಬೇಕಾದರೆ ಅವನಿಗೆ ಭಾವವಿತ್ತೆಂದು ಮೊದಲು ಒಪ್ಪಬೇಕಾಗುತ್ತದೆ. ಹತ್ತನೆಯ ತರಗತಿಯಲ್ಲಿ ಅವ್ಯಯಪ್ರಕರಣವನ್ನು ಪಾಠ ಮಾಡುವಾಗ ನಾನು ಅದನ್ನು ಎರಡನೆಯ ಪಟ್ಟಿಯಲ್ಲಿಯೇ ಬರೆಯಿಸುತ್ತೇನೆ.